ನೀಲ ತಿಮಿಂಗಿಲ ಮಾನ: ಒಂದು ಲೆಕ್ಕಾಚಾರದ ಇತಿಹಾಸ

ಭೂಮಿಯ ಮೇಲೆ ಈವರೆಗೆ ಬಾಳಿದ ಪ್ರಾಣಿಗಳಲ್ಲಿ ಅತ್ಯಂತ ದೊಡ್ಡದು ಯಾವುದೆಂಬ ಪ್ರಶ್ನೆ ಪ್ರಾಣಿಶಾಸ್ತ್ರಕ್ಕೆ ಸೇರಿದುದು. ಆದರೆ ಆ ಪ್ರಾಣಿಯ ವಿಷಯದಲ್ಲಿ ನಮಗಿರುವ ತಿಳಿವಳಿಕೆ ಎಲ್ಲಿಂದ ಬಂದಿತೆಂಬುದು ಇತಿಹಾಸದ ಪ್ರಶ್ನೆಯೇ ಸರಿ. ನೀಲ ತಿಮಿಂಗಿಲದ ಉದ್ದ ನೂರು ಅಡಿಯವರೆಗೂ, ತೂಕ ನೂರೈವತ್ತು ಟನ್ನುಗಳಿಗೆ ಮೇಲೆಯೂ ಹೋಗುವುದುಂಟು. ಪ್ರಾಚೀನ ಯುಗದ ದೈತ್ಯ ಸರೀಸೃಪಗಳಲ್ಲಿ ಕೆಲವು ಉದ್ದದಲ್ಲಿ ಇದನ್ನು ಮೀರಿದ್ದಿರಬಹುದು. ತೂಕದಲ್ಲಿ ಸರಿಗಟ್ಟಿದುದೆಂದು ಸಿದ್ಧವಾದುದು ಯಾವುದೂ ಇಲ್ಲ. 2023ರಲ್ಲಿ ಪೆರು ದೇಶದ ಒಂದು ಪಳೆಯುಳಿಕೆಗೆ ಪೆರುಸೀಟಸ್ ಎಂದು ಹೆಸರಿಟ್ಟು, ಅದು ಇನ್ನೂ ಭಾರವಾಗಿದ್ದಿರಬಹುದೆಂದು ಸಾರಿದರು. ಮರುವರ್ಷವೇ ಬೇರೆ ವಿದ್ವಾಂಸರು ಆ ಅಂಕಿಯನ್ನು ಬಹಳ ಕೆಳಕ್ಕೆ ಇಳಿಸಿದರು. ನೀಲ ತಿಮಿಂಗಿಲದ ಅಂಕಿಗಳಿಗೆ ಹೀಗೆ ಊಹೆಯ ಆಶ್ರಯ ಬೇಕಾಗಿಲ್ಲ. ಅವು ಬಹುಮಟ್ಟಿಗೆ ಕಟುಕರ ದಫ್ತರಗಳಿಂದ ಬಂದುವು. ಇಷ್ಟು ದೊಡ್ಡ ಪ್ರಾಣಿಯನ್ನು ಇಡಿಯಾಗಿ ತೂಗುವ ತಕ್ಕಡಿ ಇರಲಿಲ್ಲವಾದುದರಿಂದ ಅದನ್ನು ತುಂಡು ತುಂಡಾಗಿ ಕಡಿದು ತೂಗಿದರು. ಈಟಿಗಾರರ ಸಂಭಾವನೆ ಪ್ರಾಣಿಯ ಗಾತ್ರವನ್ನು ಅನುಸರಿಸುತ್ತಿದ್ದುದರಿಂದ ಅವರು ಕೊಟ್ಟ ಉದ್ದಗಳನ್ನು ಎಚ್ಚರದಿಂದ ಸ್ವೀಕರಿಸಬೇಕು; ಆದರೂ ನಮಗಿರುವ ಮುಖ್ಯ ಆಕರ ಅದೇ.

ಪ್ರಸಂಗವಶಾತ್ ಒಂದು ಮಾತು. ತಿಮಿ ಎಂಬ ಮಹಾಮತ್ಸ್ಯವನ್ನೂ ನುಂಗುವುದು ತಿಮಿಂಗಿಲವೆಂದು ನಮ್ಮ ಹಿರಿಯರು ಹೆಸರಿಟ್ಟರು. ವಾಸ್ತವವಾಗಿ ಆ ಕುಲದ ಅತ್ಯಂತ ದೊಡ್ಡ ಪ್ರಾಣಿಯ ಆಹಾರ ಎರಡಂಗುಲ ಉದ್ದದ, ಸಿಗಡಿಯನ್ನು ಹೋಲುವ ಕ್ರಿಲ್ ಎಂಬ ಜೀವಿ. ಮೇಲಾಗಿ ತಿಮಿಂಗಿಲವು ಮೀನೇ ಅಲ್ಲ.

ಹಾಯಿಹಡಗುಗಳ ಕಾಲದ ಬೇಟೆಗಾರರಿಗೆ ನೀಲ ತಿಮಿಂಗಿಲ ದಕ್ಕುತ್ತಿರಲಿಲ್ಲ. ಅದು ದೋಣಿಗಿಂತ ವೇಗವಾಗಿ ಈಜುತ್ತಿತ್ತು, ಸತ್ತರೆ ಮುಳುಗುತ್ತಿತ್ತು. ನಾರ್ವೆಯ ಸ್ವೆಂಡ್ ಫೊಯಿನ್ ಎಂಬಾತನು 1860ರ ದಶಕದಲ್ಲಿ ಉಗಿಹಡಗಿನ ಮೂತಿಯಲ್ಲಿ ಫಿರಂಗಿಯನ್ನು ನಿಲ್ಲಿಸಿ, ಒಳಹೊಕ್ಕು ಸಿಡಿಯುವ ಈಟಿಯನ್ನು ಅದರಿಂದ ಹಾರಿಸುವ ಉಪಾಯವನ್ನು ಸಿದ್ಧಪಡಿಸಿದನು. ಕಳೇಬರದೊಳಕ್ಕೆ ಗಾಳಿಯನ್ನು ತುಂಬಿ ತೇಲಿಸುವುದನ್ನೂ ಬೇಟೆಗಾರರು ಕಲಿತರು. 1904ರಲ್ಲಿ ಕಾರ್ಲ್ ಆಂಟನ್ ಲಾರ್ಸೆನ್ ದಕ್ಷಿಣ ಜಾರ್ಜಿಯಾ ದ್ವೀಪದ ಗ್ರಿಟ್‌ವಿಕೆನ್‌ನಲ್ಲಿ ನೆಲೆಯೂರಿದ ಮೇಲೆ ಅಂಟಾರ್ಕ್ಟಿಕ ಸಮುದ್ರದ ಬಾಗಿಲು ತೆರೆಯಿತು. ದ್ರವತೈಲವನ್ನು ಗಟ್ಟಿಯಾದ ಕೊಬ್ಬನ್ನಾಗಿ ಮಾರ್ಪಡಿಸುವ ವಿಧಾನವು ಅದೇ ದಶಕದಲ್ಲಿ ಕೈಗೂಡಿದುದರಿಂದ ತಿಮಿಂಗಿಲದ ಎಣ್ಣೆ ಮುಂದೆ ಯೂರೋಪಿನ ಬಡವರ ಬ್ರೆಡ್ಡಿನ ಮೇಲೆ ಮಾರ್ಗರೀನ್ ಆಗಿ ಕುಳಿತಿತು. 1925ರಲ್ಲಿ ಲ್ಯಾನ್ಸಿಂಗ್ ಎಂಬ ಹಡಗು ಹಿಂಬದಿಯ ಇಳಿಜಾರಿನ ಮೂಲಕ ಕಳೇಬರವನ್ನು ನೇರವಾಗಿ ಅಟ್ಟಕ್ಕೆ ಎಳೆದುಕೊಂಡಿತು. ಅಲ್ಲಿಂದ ಮುಂದೆ ಬಂದರೂ ಬೇಡ, ರಾಜ್ಯದ ಪರವಾನಗಿಯೂ ಬೇಡ ಎಂಬಂತಾಯಿತು. 1930-31ರ ಒಂದೇ ಋತುವಿನಲ್ಲಿ ದಕ್ಷಿಣ ಸಾಗರದಲ್ಲಿ 29,000ಕ್ಕೂ ಹೆಚ್ಚು ನೀಲ ತಿಮಿಂಗಿಲಗಳು ಹತವಾದುವು.

ಮರುವರ್ಷ ನಾರ್ವೆಯ ನೌಕೆಗಳು ಬಂದರಿನಲ್ಲಿಯೇ ಉಳಿದುವು. ಕರುಣೆಯಿಂದಲ್ಲ, ಎಣ್ಣೆ ಅತಿಯಾಗಿ ಬೆಲೆ ಕುಸಿದಿತ್ತು. ಈ ಬೆಲೆಯ ಸಂಕಟದಿಂದಲೇ ನಮ್ಮ ಲೇಖನದ ವಿಷಯವಾದ ‘ನೀಲ ತಿಮಿಂಗಿಲ ಮಾನ’ ಹುಟ್ಟಿತು. 1932ರಲ್ಲಿ ಕಂಪನಿಗಳು ಉತ್ಪತ್ತಿಯನ್ನು ತಮ್ಮೊಳಗೆ ಹಂಚಿಕೊಳ್ಳುವುದಕ್ಕಾಗಿ, ದೊರೆಯುವ ಎಣ್ಣೆಯನ್ನು ಅಂದಾಜುಮಾಡಿ, ಒಂದು ನೀಲ ತಿಮಿಂಗಿಲವು ಎರಡು ಫಿನ್ ತಿಮಿಂಗಿಲಗಳಿಗೆ, ಎರಡೂವರೆ ಗೂನುಬೆನ್ನಿನ ತಿಮಿಂಗಿಲಗಳಿಗೆ, ಆರು ಸೇ ತಿಮಿಂಗಿಲಗಳಿಗೆ ಸಮವೆಂದು ಒಪ್ಪಿಕೊಂಡುವು. ವ್ಯಾಪಾರಿಯ ದೃಷ್ಟಿಗೆ ಇದರಲ್ಲಿ ದೋಷವಿಲ್ಲ. ಪೀಪಾಯಿಗಳನ್ನು ಎಣಿಸುವವನಿಗೆ ಜಾತಿಭೇದವೇಕೆ? ಅನರ್ಥವಾದುದು ಈ ಮಾನವನ್ನೇ ರಾಷ್ಟ್ರಗಳು ಸಂರಕ್ಷಣೆಯ ಅಳತೆಗೋಲಾಗಿ ಕೈಗೆತ್ತಿಕೊಂಡಾಗ. 1944ರ ಲಂಡನ್ ಸಮ್ಮೇಳನವು ದಕ್ಷಿಣ ಸಾಗರಕ್ಕೆ ಋತುವೊಂದಕ್ಕೆ 16,000 ಮಾನಗಳ ಮಿತಿಯನ್ನು ಗೊತ್ತುಮಾಡಿತು; 1946ರ ವಾಷಿಂಗ್‌ಟನ್ ಒಪ್ಪಂದವೂ ಅದನ್ನೇ ಮುಂದುವರಿಸಿತು.

ಈ ಏರ್ಪಾಟಿನ ಒಳಮರ್ಮವನ್ನು ಓದುಗರು ಗಮನಿಸಬೇಕು. ಮಿತಿ ಇದ್ದುದು ಎಲ್ಲ ಜಾತಿಗಳ ಒಟ್ಟು ಮೊತ್ತಕ್ಕೆ. ಯಾವ ಒಂದು ಜಾತಿಗೂ ಬೇರೆಯಾಗಿ ಅಲ್ಲ. ನೀಲ ತಿಮಿಂಗಿಲ ವಿರಳವಾದರೆ ಬೇಟೆ ನಷ್ಟದ ವ್ಯವಹಾರವಾಗಿ ತಾನಾಗಿ ನಿಲ್ಲಬೇಕಾಗಿತ್ತು. ಹಾಗಾಗಲಿಲ್ಲ. ಹಡಗಿನ ಖರ್ಚನ್ನು ಫಿನ್ ತಿಮಿಂಗಿಲಗಳು ಹೊತ್ತುವು. ನಡುವೆ ಕಣ್ಣಿಗೆ ಬಿದ್ದ ನೀಲ ತಿಮಿಂಗಿಲವನ್ನು, ಒಂದೇ ಪ್ರಾಣಿಗೆ ಪೂರ್ಣ ಮಾನ ದೊರೆಯುವುದರಿಂದ, ಯಾವ ಈಟಿಗಾರನೂ ಬಿಡಲಿಲ್ಲ. ಮಿತಿಯನ್ನು ರಾಷ್ಟ್ರಗಳಿಗೆ ಹಂಚಿಕೊಟ್ಟಿರಲಿಲ್ಲವಾದುದರಿಂದ ಮೊದಲು ಬಂದವನದೇ ಪಾಲು. ವಾರವಾರದ ಲೆಕ್ಕ ನಾರ್ವೆಯ ಸಾಂಡೆಫ್ಯೋರ್ಡ್ ಪಟ್ಟಣಕ್ಕೆ ತಲುಪಿ, ಮೊತ್ತ ತುಂಬುವ ದಿನವನ್ನು ಅಲ್ಲಿಂದ ಸಾರುತ್ತಿದ್ದರು. ಸುಮಾರು ನಾಲ್ಕು ತಿಂಗಳ ಋತು ಹತ್ತೇ ವರ್ಷಗಳಲ್ಲಿ ಎರಡು ತಿಂಗಳಿಗೆ ಇಳಿಯಿತು.

ವಿಜ್ಞಾನಿಗಳು ಎಚ್ಚರಿಸಲಿಲ್ಲವೆ? ಎಚ್ಚರಿಸಿದರು. ಆದರೆ ಯಾವ ರಾಷ್ಟ್ರವಾದರೂ ತೊಂಬತ್ತು ದಿನಗಳೊಳಗೆ ಆಕ್ಷೇಪಿಸಿ ನಿರ್ಣಯದಿಂದ ಪಾರಾಗಬಹುದೆಂಬ ವಿಧಿ ಒಪ್ಪಂದದಲ್ಲಿಯೇ ಇದ್ದಿತು. 1959ರಲ್ಲಿ ನಾರ್ವೆ, ಹಾಲೆಂಡುಗಳು ಒಪ್ಪಂದದಿಂದಲೇ ಹೊರಬಿದ್ದುವು. ಎರಡೂ ಕೆಲಕಾಲದ ಮೇಲೆ ಮರಳಿದುವು. 1960ರಲ್ಲಿ ಚಾಪ್‌ಮನ್, ಆಲನ್, ಹೋಲ್ಟ್ ಎಂಬ ಮೂವರು ಪರಿಣತರನ್ನು ನೇಮಿಸಿದರು. ಗುಲಂಡ್ ಎಂಬುವರು ಆಮೇಲೆ ಸೇರಿದರು. ಮೀನುಗಾರಿಕೆಯ ಗಣಿತವನ್ನು ತಿಮಿಂಗಿಲಗಳಿಗೆ ಅನ್ವಯಿಸಿ, ನೀಲ ತಿಮಿಂಗಿಲವನ್ನು ಕೊಲ್ಲುವುದು ಪೂರ್ತಿಯಾಗಿ ನಿಲ್ಲಬೇಕೆಂದು ಅವರು ವರದಿಯಿತ್ತರು. ಅಷ್ಟರಲ್ಲಿ ವಾರ್ಷಿಕ ಬೇಟೆ ನೂರರ ಆಸುಪಾಸಿಗೆ ಬಂದಿತ್ತು. 1960ರ ದಶಕದ ಮಧ್ಯದಲ್ಲಿ ರಕ್ಷಣೆ ದೊರೆಯಿತು. ಉಳಿದ ಜಾತಿಗಳಿಗೆ ಆ ಮಾನವೇ ಮುಂದುವರಿದು 1972ರಲ್ಲಿ ರದ್ದಾಯಿತು.

ಇಷ್ಟಕ್ಕೇ ಕಥೆ ಮುಗಿಯಲಿಲ್ಲ. 1993ರಲ್ಲಿ ರಷ್ಯದ ವಿಜ್ಞಾನಿ ಅಲೆಕ್ಸಿ ಯಾಬ್ಲೊಕೊವ್, ಸೋವಿಯತ್ ನೌಕೆಗಳು ದಶಕಗಳ ಕಾಲ ಸುಳ್ಳು ಲೆಕ್ಕ ಒಪ್ಪಿಸಿದುವೆಂದು ಬಹಿರಂಗಪಡಿಸಿದರು. ದಕ್ಷಿಣ ಸಾಗರದಲ್ಲಿ ಅವು ಕೊಂದ ಗೂನುಬೆನ್ನಿನ ತಿಮಿಂಗಿಲಗಳು 48,000ಕ್ಕೂ ಹೆಚ್ಚು. ವರದಿಮಾಡಿದುದು ಮೂರು ಸಾವಿರಕ್ಕೂ ಕಡಿಮೆ. ನಮ್ಮ ಕರಾವಳಿಯನ್ನು ತೊಳೆಯುವ ಅರಬ್ಬೀ ಸಮುದ್ರವೂ ಇದರಿಂದ ಪಾರಾಗಲಿಲ್ಲ: 1966ರಲ್ಲಿ ಅಲ್ಲಿ ಇದೇ ಜಾತಿಯ 242 ಪ್ರಾಣಿಗಳನ್ನು ಗುಟ್ಟಾಗಿ ಹಿಡಿದರು. ಸಾಂಡೆಫ್ಯೋರ್ಡಿನ ಅಚ್ಚುಕಟ್ಟಾದ ಕೋಷ್ಟಕಗಳನ್ನು ಆಧಾರವಾಗಿ ಇಟ್ಟುಕೊಂಡವರು ಎಲ್ಲವನ್ನೂ ಮತ್ತೆ ತಿದ್ದಬೇಕಾಯಿತು. ಹೀಗೆ ತಿದ್ದಿದ ಲೆಕ್ಕದಿಂದ 2004ರಲ್ಲಿ ಪ್ರಕಟವಾದ ಅಂದಾಜಿನಂತೆ, ಬೇಟೆಗೆ ಮೊದಲು ಅಂಟಾರ್ಕ್ಟಿಕದ ನೀಲ ತಿಮಿಂಗಿಲಗಳು ಸುಮಾರು 2,39,000. 1973ರಲ್ಲಿ ಉಳಿದಿದ್ದುವು ಸುಮಾರು 360. ಇಪ್ಪತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಆ ಸಂಖ್ಯೆ ಎರಡು ಸಾವಿರದ ಆಸುಪಾಸಿಗೆ ಏರಿತ್ತು.