ಟಾರ್ಚಿನ ಬಾಲದಲ್ಲಿರುವ ಬುದ್ಧಿ

ನಮ್ಮ ಕಡೆ ಟಾರ್ಚಿಗೆ ಈಗಲೂ ‘ಬ್ಯಾಟರಿ’ ಅಂತಾರೆ. ಅಮೆರಿಕದವರು ‘ಫ್ಲ್ಯಾಶ್‌ಲೈಟ್’ ಅಂದರು. ಆ ಹೆಸರಿನಲ್ಲಿ ಜಂಭ ಇಲ್ಲ, ಬಡತನ ಇದೆ. 1899ರ ಜನವರಿಯಲ್ಲಿ ಡೇವಿಡ್ ಮಿಸೆಲ್‌ಗೆ ಪೇಟೆಂಟ್ ಸಿಕ್ಕ ಕೈದೀಪದ್ದು ಕಾಗದದ ಕೊಳವೆ. ಒಳಗಿನ ಸೆಲ್ಲಿಗಾಗಲಿ, ಇಂಗಾಲದ ಎಳೆಯ ಬಲ್ಬಿಗಾಗಲಿ ತುಂಬ ಹೊತ್ತು ಉರಿಯುವ ತ್ರಾಣ ಇರಲಿಲ್ಲ. ಒತ್ತಬೇಕು, ಮಿಂಚಿಸಬೇಕು, ಬಿಡಬೇಕು. ಅಂದರೆ ಟಾರ್ಚಿನ ಸ್ವಿಚ್ಚು ಹುಟ್ಟಿದ್ದೇ ಉಳಿತಾಯಕ್ಕೆ.

ಟಂಗ್‌ಸ್ಟನ್ ತಂತಿ ಬಂದ ಮೇಲೆ ದೀಪ ನಿಂತು ಉರಿಯಿತು. ಆಮೇಲೆ ದಶಕಗಟ್ಟಲೆ ಬಹುಪಾಲು ಟಾರ್ಚುಗಳಿಗೆ ಎರಡೇ ಸ್ಥಿತಿ: ಆನ್, ಆಫ್. 1984ರಲ್ಲಿ ಬಂದ ಮಿನಿ ಮ್ಯಾಗ್‌ಲೈಟ್‌ನಲ್ಲೂ ಅಷ್ಟೇ. ತಲೆ ತಿರುಗಿಸಿದರೆ ಬೆಳಕು. ಹಿಂದಿನ ಮುಚ್ಚಳದಲ್ಲಿ ಸ್ಪ್ರಿಂಗು, ಜೊತೆಗೊಂದು ಸ್ಪೇರ್ ಬಲ್ಬು. ಆ ಮುಚ್ಚಳ ಬಿಚ್ಚಿ, ಬದಲಿಗೆ ಗುಂಡಿಯಿರುವ ಇನ್ನೊಂದನ್ನು ಹಾಕುವ ಯೋಚನೆ ಆಮೇಲಿನದು. ಒಂದೊಂದು ಸಲ ಒತ್ತಿದಾಗಲೂ ಒಂದೊಂದು ಬೆಳಕು: ಪೂರ್ತಿ, ಮಧ್ಯಮ, ಮಂದ, ಮಿಣುಕು.

ಅಂಥದೊಂದು ಮುಚ್ಚಳ ನನ್ನ ಎರಡು ಸೆಲ್ಲಿನ ಟಾರ್ಚಿನಲ್ಲಿ ಹನ್ನೊಂದು ವರ್ಷದಿಂದ ಇದೆ. ಅದರ ಚಮತ್ಕಾರ ಇರುವುದು ಕೂತ ಜಾಗದಲ್ಲಿ. ಹಿಂದಿನ ಮುಚ್ಚಳಕ್ಕೆ ಸೆಲ್ಲಿನ ಮೈನಸ್ ತುದಿ ಮಾತ್ರ ಸಿಗುತ್ತೆ. ಪ್ಲಸ್ ಕಡೆಯಿಂದ ಕರೆಂಟು ಬರಬೇಕಾದರೆ ಬಲ್ಬಿನ ತಂತಿ ದಾಟಿಯೇ ಬರಬೇಕು. ದೀಪ ಪೂರ್ತಿ ಉರಿಯುವಾಗ ಸ್ವಿಚ್ಚಿನ ಪಾಲಿಗೆ ಹೆಚ್ಚುಕಡಿಮೆ ಏನೂ ಉಳಿಯಲ್ಲ. ಹಾಗಾಗಿ ಕಣ್ಣಿಗೆ ಕಾಣದಷ್ಟು ಬೇಗ ದೀಪ ಆರಿಸಿ ಹಚ್ಚುತ್ತಾ, ಆರಿದ ಆ ಚೂರು ಹೊತ್ತಿನಲ್ಲಿ ತನ್ನ ಊಟ ಮಾಡಿಕೊಳ್ಳುತ್ತೆ. ದೀಪ ಆರಿಸಿಟ್ಟಾಗಲೂ ಕೂದಲೆಳೆಯಷ್ಟು ಕರೆಂಟು ಹರೀತಾನೇ ಇರುತ್ತೆ. ತಿಂಗಳುಗಟ್ಟಲೆ ಡ್ರಾಯರಿನಲ್ಲಿ ಇಡೋದಾದರೆ ನಾನು ಹಳೇ ಪದ್ಧತಿಯಂತೆ ತಲೆಯನ್ನೂ ತಿರುಗಿಸಿ ಇಡ್ತೀನಿ.

ಮಂದ ಬೆಳಕಲ್ಲಿ ಸೆಲ್ಲು ಉಳಿಯುತ್ತೆ ಅನ್ನೋದು ಅರ್ಧ ಸತ್ಯ. ಎಲ್‌ಇಡಿಯಲ್ಲಿ ಬೆಳಕು ಅರ್ಧ ಮಾಡಿದರೆ ಖರ್ಚೂ ಸುಮಾರು ಅರ್ಧ. ತಂತಿಯ ಬಲ್ಬು ಹಾಗಲ್ಲ. ಕಾವು ಇಳಿದಂತೆ ಬೆಳಕು ಕುಸಿಯುತ್ತೆ, ಕೆಂಪಾಗುತ್ತೆ. ಅರ್ಧ ಬೆಳಕಿಗೂ ಪೂರ್ತಿ ಖರ್ಚಿನ 70 ಪರ್ಸೆಂಟ್‌ನಷ್ಟು ತೆರಬೇಕು. ನಿಜವಾಗಿ ಉಳಿಯೋದು ಬಲ್ಬು. ವೋಲ್ಟೇಜು 10 ಪರ್ಸೆಂಟ್ ಇಳಿಸಿದರೆ ಬೆಳಕು ಹೆಚ್ಚುಕಡಿಮೆ 30 ಪರ್ಸೆಂಟ್ ತಗ್ಗುತ್ತೆ, ಬಲ್ಬಿನ ಆಯಸ್ಸು ಮಾತ್ರ ಮೂರು ಪಟ್ಟಾದರೂ ಹೆಚ್ಚುತ್ತೆ. ಕರೆಂಟು ಹೋದಾಗ ಮೆಟ್ಟಿಲಿಳಿಯೋಕೆ, ಮಲಗಿದ ಮಗುವಿನ ಹೊದಿಕೆ ಸರಿಮಾಡೋಕೆ ಆ ಕೆಂಪು ಬೆಳಕೇ ಹಿತ.

ಮಿಣುಕಿನ ಮೋಡ್ ನಾನು ಮುಟ್ಟೋದಿಲ್ಲ. ತಣ್ಣಗಿರುವ ಟಂಗ್‌ಸ್ಟನ್ ತಂತಿಯ ರೋಧ, ಕಾದಾಗಿನದರ ಹತ್ತನೇ ಒಂದು ಭಾಗದ ಆಸುಪಾಸು. ಹಚ್ಚಿದ ಗಳಿಗೆಯಲ್ಲಿ ಕರೆಂಟು ನುಗ್ಗುವುದು ಅದಕ್ಕೇ. ಸವೆದ ಬಲ್ಬು ಸ್ವಿಚ್ ಹಾಕಿದಾಗಲೇ ‘ಟಪ್’ ಅನ್ನೋದೂ ಅದಕ್ಕೇ. ಮಿಣುಕಿಸೋದು ಅಂದರೆ ಆ ಗಳಿಗೆಯನ್ನು ಮತ್ತೆ ಮತ್ತೆ ಕರೆದಂತೆ.

ಬಲ್ಬು ಹೋದರೆ ಸ್ವಿಚ್ಚೂ ಸತ್ತಂತೆ ಕಾಣುತ್ತೆ, ಅದರ ಊಟದ ದಾರಿಯೇ ಕಡಿದಿರುತ್ತಲ್ಲ. ಗೊತ್ತಿಲ್ಲದವರು ಮುಚ್ಚಳವನ್ನೇ ಎಸೀತಾರೆ. ಹೊಸ ಬಲ್ಬು ಹಾಕಿದರೆ ಎರಡೂ ಎದ್ದು ಕೂರುತ್ತವೆ. ಹಿಂದೆ ಆ ಸ್ಪೇರ್ ಬಲ್ಬು ಇರುತ್ತಿದ್ದ ಜಾಗದಲ್ಲಿ ಈಗ ಸರ್ಕ್ಯೂಟು ಕೂತಿದೆ. ನಾನು ಒಂದನ್ನು ಹತ್ತಿಯಲ್ಲಿ ಸುತ್ತಿ ಬೆಂಕಿಪೊಟ್ಟಣದಲ್ಲಿ ಇಟ್ಟಿದ್ದೇನೆ.