ಶೀಘ್ರಲಿಪಿಯಿಂದ ಯಂತ್ರಲಿಪಿಯವರೆಗೆ

ಆಡಿದ ಮಾತನ್ನು ಆಡಿದಷ್ಟೇ ವೇಗದಲ್ಲಿ ಬರೆದಿಡಬೇಕೆಂಬ ಹಂಬಲ ಬಹಳ ಹಳೆಯದು. ಶಾಲೆಯ ಉಕ್ತಲೇಖನದಲ್ಲಿ ಮೇಷ್ಟ್ರು ನಿಂತು ನಿಂತು ಹೇಳುತ್ತಾರೆ. ಲೋಕದಲ್ಲಿ ಹಾಗೆ ಯಾರೂ ಮಾತನಾಡುವುದಿಲ್ಲ. ಈ ತೊಡಕಿಗೆ ಪರಿಹಾರವಾಗಿ ಇಂಗ್ಲೆಂಡಿನ ಐಸಾಕ್ ಪಿಟ್‌ಮನ್ 1837ರಲ್ಲಿ ತನ್ನ ಶೀಘ್ರಲಿಪಿಯನ್ನು ಪ್ರಕಟಿಸಿದ. ಆತನೂ ಉಪಾಧ್ಯಾಯನೇ ಆಗಿದ್ದನೆಂಬುದು ನಮ್ಮ ವೃತ್ತಿಯವರಿಗೆ ಸಂತೋಷದ ಸಂಗತಿ. ಕಾಗುಣಿತವನ್ನು ಬದಿಗಿಟ್ಟು ಧ್ವನಿಯನ್ನು ಬರೆಯುವುದೇ ಆ ಲಿಪಿಯ ಗುಟ್ಟು. ‘ಪ’ಕಾರಕ್ಕೆ ತೆಳುವಾದ ಗೆರೆ, ‘ಬ’ಕಾರಕ್ಕೆ ಅದೇ ಗೆರೆ ದಪ್ಪಗೆ; ಸ್ವರಗಳಿಗೆ ಚುಕ್ಕೆ ಮತ್ತು ಕಿರುಗೆರೆ. ವೇಗ ಹೆಚ್ಚಿದಾಗ ಸ್ವರಗಳನ್ನು ಬಿಟ್ಟು ಬರೆದು, ಆಮೇಲೆ ಸಂದರ್ಭ ನೋಡಿ ತುಂಬಿಕೊಳ್ಳಬೇಕು.

ನಮ್ಮ ಸೀಮೆಯ ಅನೇಕರಿಗೆ ಈ ವಿದ್ಯೆ ಅನ್ನದ ದಾರಿಯಾಯಿತು. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಕಡೆ ಎಸ್.ಎಸ್.ಎಲ್.ಸಿ. ಮುಗಿಯುತ್ತಲೇ ಟೈಪಿಂಗ್, ಶಾರ್ಟ್‌ಹ್ಯಾಂಡ್ ತರಗತಿಗೆ ಸೇರುವ ರೂಢಿಯಿತ್ತು. ಜೂನಿಯರ್, ಸೀನಿಯರ್ ಪರೀಕ್ಷೆಗಳನ್ನು ಪಾಸು ಮಾಡಿದವರು ಬೆಂಗಳೂರಿನ ಕಚೇರಿ, ಕೋರ್ಟುಗಳ ಕಡೆ ಮುಖ ಮಾಡುತ್ತಿದ್ದರು. ಅಲ್ಲಿ ಉಕ್ತಲೇಖನವೇ ನೇಮಕಾತಿಯ ಒರೆಗಲ್ಲು. ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗದ ಸ್ಟೆನೋಗ್ರಾಫರ್ ಪರೀಕ್ಷೆಯಲ್ಲಿ ಇಂದಿಗೂ 10 ನಿಮಿಷದ ಉಕ್ತಲೇಖನವಿದೆ. ‘ಸಿ’ ದರ್ಜೆಗೆ ನಿಮಿಷಕ್ಕೆ 100 ಪದ, ‘ಡಿ’ ದರ್ಜೆಗೆ 80 ಪದ.

ಒಳ್ಳೆಯ ಶೀಘ್ರಲಿಪಿಗಾರನಿಗೆ ಕಿವಿಯಷ್ಟೇ ಸಾಲದು, ಲೋಕಜ್ಞಾನವೂ ಬೇಕು. ನಮ್ಮ ಕಡೆಯ ರೈತ ‘ಆಲು’ ಎಂದರೆ ‘ಹಾಲು’ ಎಂದು ತಿಳಿಯಬೇಕು. ರೇಷ್ಮೆ ಸಾಕುವವರು ‘ಚಂದ್ರಿಕೆ’ ಎಂದರೆ ಹುಳುಗಳು ಗೂಡು ಕಟ್ಟುವ ಬಿದಿರಿನ ತಟ್ಟಿಯೇ ಹೊರತು ಮನೆಯ ಹುಡುಗಿಯಲ್ಲವೆಂದು ಗೊತ್ತಿರಬೇಕು. ಗೊತ್ತಾಗದಿದ್ದಲ್ಲಿ ಬಾಯಿಬಿಟ್ಟು ಕೇಳಬೇಕು.

ಹೀಗೆ ಮನುಷ್ಯನೇ ಬರೆದರೂ ಕಾನೂನು ಆ ಬರಹವನ್ನು ಸುಮ್ಮನೆ ನಂಬಲಿಲ್ಲ. 1973ರ ದಂಡ ಪ್ರಕ್ರಿಯಾ ಸಂಹಿತೆಯ 278ನೇ ಕಲಮು, ಸಾಕ್ಷಿಯ ಹೇಳಿಕೆ ಮುಗಿದ ಮೇಲೆ ಅದನ್ನು ಅವನಿಗೆ ಓದಿ ಹೇಳಿ, ಅಗತ್ಯವಿದ್ದರೆ ತಿದ್ದಬೇಕೆಂದು ವಿಧಿಸಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಈ ಕ್ರಮವನ್ನು ಉಳಿಸಿಕೊಂಡಿದೆ. ಸರ್ವೋಚ್ಚ ನ್ಯಾಯಾಲಯವು 2023ರ ಫೆಬ್ರವರಿ 21ರಂದು ಸಂವಿಧಾನ ಪೀಠದ ವಾದವನ್ನು ಮೊದಲ ಬಾರಿಗೆ ಯಂತ್ರದಿಂದ ಆಗಿಂದಾಗಲೇ ಅಕ್ಷರಕ್ಕಿಳಿಸಿದಾಗಲೂ, ಆ ಪಾಠವನ್ನು ವಕೀಲರು ಪರಿಶೀಲಿಸಲು ಅವಕಾಶವಿಟ್ಟಿತು.

ಉದ್ಯೋಗದ ಸಂದರ್ಶನದ ಮಾತು ಬೇರೆ. ಈಗ ಅನೇಕ ಸಂದರ್ಶನಗಳು ಕಂಪ್ಯೂಟರಿನ ಪರದೆಯ ಮೇಲೆ ನಡೆಯುತ್ತವೆ. ಅಭ್ಯರ್ಥಿ ಮಾತನಾಡುತ್ತಿರುವಾಗಲೇ ತಂತ್ರಾಂಶವು ಅದನ್ನು ಬರೆದುಕೊಂಡು ಸಾರಾಂಶವನ್ನೂ ಒಪ್ಪಿಸಬಲ್ಲದು. ಅವನನ್ನು ಕಾಣದ ಅಧಿಕಾರಿ ಆ ಬರಹವನ್ನಷ್ಟೇ ಓದಿ ತೀರ್ಮಾನಿಸುವುದೂ ಸಾಧ್ಯ.

ಈ ಯಂತ್ರದ ಕಿವಿ ಎಲ್ಲರಿಗೂ ಒಂದೇ ಸಮನಲ್ಲ. ಅಮೆರಿಕದ ಸಂಶೋಧಕರು 2020ರಲ್ಲಿ ಐದು ದೊಡ್ಡ ಕಂಪನಿಗಳ ತಂತ್ರಾಂಶಗಳನ್ನು ಪರೀಕ್ಷಿಸಿದರು. ಬಿಳಿಯರ ಇಂಗ್ಲಿಷಿನಲ್ಲಿ 100 ಪದಕ್ಕೆ ಸರಾಸರಿ 19 ತಪ್ಪು. ಕಪ್ಪು ಜನಾಂಗದವರ ಇಂಗ್ಲಿಷಿನಲ್ಲಿ 35. 2022ರಲ್ಲಿ ಬಂದ ‘ವಿಸ್ಪರ್’ ಎಂಬ ಪ್ರಸಿದ್ಧ ತಂತ್ರಾಂಶಕ್ಕೆ ಒಟ್ಟು 6,80,000 ಗಂಟೆಗಳ ಧ್ವನಿಯಿಂದ ಪಾಠ ಹೇಳಿಸಲಾಗಿತ್ತು. ಅದರಲ್ಲಿ ಬರಹ ಸಹಿತವಾದ ಕನ್ನಡದ ಪಾಲು 4 ಗಂಟೆಗೂ ಕಡಿಮೆ. ಅದೇ ತಂತ್ರಾಂಶವು ನೂರಕ್ಕೆ ಒಂದರಷ್ಟು ಧ್ವನಿತುಣುಕುಗಳಲ್ಲಿ ಯಾರೂ ಆಡದ ಮಾತನ್ನು ತಾನೇ ಹೆಣೆದು ಸೇರಿಸಿತ್ತೆಂದು 2024ರ ಅಧ್ಯಯನವೊಂದು ತೋರಿಸಿತು. ಮಾತಿನ ನಡುವೆ ಮೌನ ಹೆಚ್ಚಿದ್ದವರಿಗೆ ಈ ತೊಂದರೆ ಹೆಚ್ಚು. ಮೊದಲ ಸಂದರ್ಶನದಲ್ಲಿ ಅಳುಕುತ್ತ, ತಡವರಿಸುತ್ತ ಉತ್ತರಿಸುವ ನಮ್ಮ ಹಳ್ಳಿಯ ಮಕ್ಕಳನ್ನು ನೆನೆದರೆ ಇದರ ಗಾಂಭೀರ್ಯ ಅರ್ಥವಾಗುತ್ತದೆ.

ಹಾಗೆಂದು ಯಂತ್ರವನ್ನು ದೂರವಿಡಿ ಎಂದು ನಾನು ಹೇಳಲಾರೆ. ಕಿವಿ ಕೇಳಿಸದ ಅಭ್ಯರ್ಥಿಗೆ ಪ್ರಶ್ನೆಯು ಅಕ್ಷರವಾಗಿ ಕಣ್ಣೆದುರು ಮೂಡುವುದು ದೊಡ್ಡ ಉಪಕಾರ. ನನ್ನ ಬೇಡಿಕೆ ಒಂದೇ. ಕೋರ್ಟಿನ ಸಾಕ್ಷಿಗೆ ಸಿಗುವ ಮರ್ಯಾದೆ ಕೆಲಸ ಕೇಳಿ ಬಂದವರಿಗೂ ಸಿಗಲಿ: ಅವರು ಆಡಿದ್ದೆಂದು ಬರೆದುಕೊಂಡದ್ದನ್ನು ಅವರಿಗೇ ತೋರಿಸಿ, ತಿದ್ದಲು ಬಿಟ್ಟು, ಆಮೇಲೆ ತೀರ್ಮಾನಿಸಲಿ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಈಗ ಕಂಪನಿಗಳಲ್ಲಿ ನೇಮಕಾತಿ ಮಾಡುವ ಸ್ಥಾನದಲ್ಲಿದ್ದೀರಿ. ಇನ್ನು ಕೆಲವರ ಮಕ್ಕಳು ಅದೇ ಸಂದರ್ಶನಗಳಿಗೆ ಸಿದ್ಧರಾಗುತ್ತಿದ್ದಾರೆ. ಮೊದಲಿನವರು ಈ ಕ್ರಮವನ್ನು ನಿಮ್ಮ ಕಚೇರಿಯಲ್ಲಿ ತಂದು ನೋಡಿ. ಎರಡನೆಯವರು, ‘ಬರೆದುಕೊಂಡದ್ದನ್ನು ಒಮ್ಮೆ ತೋರಿಸುವಿರಾ?’ ಎಂದು ವಿನಯದಿಂದ ಕೇಳಲು ಮಕ್ಕಳಿಗೆ ಕಲಿಸಿ. ಉಕ್ತಲೇಖನದ ನಂತರ ಪುಸ್ತಕವನ್ನು ಮರಳಿ ಪಡೆದು ತಪ್ಪು ನೋಡಿಕೊಳ್ಳುವುದು ತರಗತಿಯಲ್ಲಿ ನಿಮ್ಮ ಹಕ್ಕಾಗಿತ್ತಲ್ಲವೇ?