ಹೆನ್ರಿ ಕ್ಯಾವೆಂಡಿಷನ ಸಂಕೋಚ ಮತ್ತು ಸಂಪತ್ತು

ದೊಡ್ಡವರ ವಿಚಿತ್ರ ಸ್ವಭಾವಗಳ ಕಥೆ ಕೇಳಿ ನಕ್ಕು ಮರೆಯುವುದು ನಮ್ಮ ರೂಢಿ. ಇಂಗ್ಲೆಂಡಿನ ವಿಜ್ಞಾನಿ ಹೆನ್ರಿ ಕ್ಯಾವೆಂಡಿಷನ (1731–1810) ವಿಷಯದಲ್ಲಿ ಹಾಗೆ ಮಾಡಿದರೆ ನಷ್ಟ ನಮಗೇ. ಜಲಜನಕವನ್ನು ಪ್ರತ್ಯೇಕ ಅನಿಲವೆಂದು 1766ರಲ್ಲಿ ತೋರಿಸಿದವನು ಈತ. ಸೀಸದ ಗುಂಡುಗಳ ನಡುವಣ ಅತಿ ಸೂಕ್ಷ್ಮ ಆಕರ್ಷಣೆಯನ್ನು ಅಳೆದು, ಭೂಮಿಯ ಸಾಂದ್ರತೆ ನೀರಿನದರ 5.48 ಪಟ್ಟು ಎಂದು 1798ರಲ್ಲಿ ಪ್ರಕಟಿಸಿದನು. ಇಂದಿನ ಲೆಕ್ಕ 5.51. ತಾನು ಹತ್ತಿರ ನಿಂತರೆ ಗಾಳಿ ಕದಲೀತೆಂದು ಕೋಣೆಯ ಹೊರಗಿನಿಂದ ದುರ್ಬೀನಿನ ಮೂಲಕ ನೋಡಿ ಮಾಡಿದ ಅಳತೆಯದು.

ಇಂಥವನಿಗೆ ಮನುಷ್ಯರೆಂದರೆ ಭಯ. ಸೇವಕಿಯರ ಕಣ್ಣಿಗೆ ಬೀಳಲು ಅಳುಕಿ, ಊಟಕ್ಕೆ ಬೇಕಾದುದನ್ನು ಚೀಟಿಯಲ್ಲಿ ಬರೆದಿಡುತ್ತಿದ್ದನು. ವಿದ್ವಾಂಸರ ಕೂಟಗಳಿಗೆ ತಪ್ಪದೆ ಹೋಗುವನು, ಆದರೆ ಯಾರಾದರೂ ನೇರವಾಗಿ ಮಾತನಾಡಿಸಿದರೆ ಅಲ್ಲಿಂದ ಸರಿದುಬಿಡುವನು. ಬಲ್ಲವರು ಅವನತ್ತ ನೋಡದೆ, ಬಯಲಿಗೆ ಹೇಳುವಂತೆ ವಿಷಯವನ್ನು ಹೇಳುತ್ತಿದ್ದರು. ಹಿಡಿಸಿದರೆ ಉತ್ತರ ಬರುತ್ತಿತ್ತು. ಇದನ್ನು ಗರ್ವವೆನ್ನುವುದು ಸುಲಭ. ಇದು ಹುಟ್ಟಿನಿಂದ ಬಂದ ಮನೋಲಕ್ಷಣವಿರಬಹುದೆಂದು ವೈದ್ಯ ಆಲಿವರ್ ಸ್ಯಾಕ್ಸ್ 2001ರಲ್ಲಿ ಬರೆದರು.

ಹಣದ ವಿಷಯಕ್ಕೆ ಬರೋಣ. ಖಾತೆಯಲ್ಲಿ 80,000 ಪೌಂಡ್ ಸುಮ್ಮನೆ ಬಿದ್ದಿರುವುದನ್ನು ಕಂಡು ಬ್ಯಾಂಕಿನವನು ಅವನ ಮನೆಗೆ ಹೋದನಂತೆ. ತೊಂದರೆಯಾಗಿದ್ದರೆ ಹಣ ತೆಗೆದುಬಿಡುವೆನೆಂದು ಗದರಿ, ಕೊನೆಗೆ ಅರ್ಧವನ್ನು ಹೂಡಲು ಒಪ್ಪಿ, ಇನ್ನು ಬರಬೇಡವೆಂದು ಕಳುಹಿಸಿದನೆಂದು ಜಾರ್ಜ್ ವಿಲ್ಸನ್ 1851ರಲ್ಲಿ ಬರೆದ ಜೀವನಚರಿತ್ರೆ ಹೇಳುತ್ತದೆ. ತೊಡುತ್ತಿದ್ದುದು ಬಣ್ಣ ಮಾಸಿದ, ಹಳೆಯ ಕಾಲದ ಕೋಟು. ಕೆಲವರು ಇದನ್ನು ಅಪರಿಗ್ರಹವೆಂದಾರು. ವ್ಯಾಪಾರಿಯಾದ ನಾನು ಒಪ್ಪಲಾರೆ. ಆತ ಹಣವನ್ನು ತ್ಯಜಿಸಿದವನಲ್ಲ, ಮರೆತವನು. ತೀರಿಕೊಂಡಾಗ ಸುಮಾರು ಹತ್ತು ಲಕ್ಷ ಪೌಂಡಿನ ಆಸ್ತಿಯ ಬಹುಪಾಲು ಬಂಧುಗಳಿಗೇ ಸೇರಿತು.

ಆದರೆ ಟ್ರಸ್ಟುಗಳ ಲೆಕ್ಕಪತ್ರ ನೋಡುವ ನಮ್ಮಂಥವರು ನಿಂತು ಗಮನಿಸಬೇಕಾದ ಸಂಗತಿ ಬೇರೊಂದಿದೆ. ತನ್ನ ಗ್ರಂಥಭಂಡಾರವನ್ನು ಲಂಡನ್ನಿನ ಬೇರೊಂದು ಮನೆಯಲ್ಲಿರಿಸಿ, ವಿದ್ವಾಂಸರಿಗೆ ಎರವಲು ಕೊಡುವ ಏರ್ಪಾಟು ಮಾಡಿದ್ದನು. ತಾನೇ ಒಂದು ಪುಸ್ತಕವನ್ನು ಒಯ್ಯಬೇಕಾದಾಗಲೂ ಎಲ್ಲರಂತೆ ರಸೀದಿ ಬರೆದಿಟ್ಟೇ ಒಯ್ಯುತ್ತಿದ್ದನು! ಕೊಟ್ಟವನೇ ನಿಯಮಕ್ಕೆ ತಲೆಬಾಗಿದ ಕಡೆ, ನೋಡಿಕೊಳ್ಳುವವನಿಗೆ ಯಾರನ್ನಾದರೂ ಲೆಕ್ಕ ಕೇಳುವ ಧೈರ್ಯ ಬರುತ್ತದೆ. ನಮ್ಮಲ್ಲಿ ದಾನಿಗಳ ಮನೆಗೆ ಹೋದ ಪಾತ್ರೆಪಡಗಗಳ ಪಟ್ಟಿ ಎಷ್ಟು ಕಡೆ ಇದೆ?

ಹೀಗೆ ಪುಸ್ತಕಗಳನ್ನು ಹಂಚಿದವನು ತಾನು ಕಂಡುಕೊಂಡುದನ್ನು ಮಾತ್ರ ಹಂಚಲಿಲ್ಲ. ವಿದ್ಯುದಾವೇಶಗಳ ನಡುವಣ ಬಲದ ನಿಯಮವನ್ನು ಕೂಲಂಬ್ 1785ರಲ್ಲಿ ಪ್ರಕಟಿಸಿದನು. ಓಮನ ನಿಯಮ ಬಂದದ್ದು 1827ರಲ್ಲಿ. ಎರಡೂ ಕ್ಯಾವೆಂಡಿಷನಿಗೆ ಮೊದಲೇ ತಿಳಿದಿದ್ದವು. ಅಳೆಯುವ ಉಪಕರಣವಿಲ್ಲದ ಆ ಕಾಲದಲ್ಲಿ ವಿದ್ಯುತ್ತಿನ ಆಘಾತವನ್ನು ತನ್ನ ಮೈಗೇ ಕೊಟ್ಟುಕೊಂಡು ಹೋಲಿಸಿ ನೋಡಿದ್ದನು. ಬರೆದಿಟ್ಟ ಹಾಳೆಗಳು ಪ್ರಕಟವಾಗದೆ ಉಳಿದವು. ಬೇರೆಯವರು ಅದೇ ದಾರಿಯನ್ನು ಮೊದಲಿನಿಂದ ಸವೆಸಬೇಕಾಯಿತು. ಆತ ತೀರಿಕೊಂಡು 69 ವರ್ಷಗಳಾದ ಮೇಲೆ, 1879ರಲ್ಲಿ, ಮ್ಯಾಕ್ಸ್‌ವೆಲ್ ಅವನ್ನು ಸಂಪಾದಿಸಿ ಅಚ್ಚು ಹಾಕಿಸಿದನು. ಅದಕ್ಕೆ ಮುನ್ನ ಹಲವು ಪ್ರಯೋಗಗಳನ್ನು ಕೇಂಬ್ರಿಡ್ಜಿನಲ್ಲಿ ಮತ್ತೆ ಮಾಡಿ ನೋಡಲಾಯಿತು. ಹಳೆಯ ಅಳತೆಗಳು ಬೆರಗುಗೊಳಿಸುವಷ್ಟು ಸರಿಯಾಗಿದ್ದವು.